ಕಂಪ್ಯೂಟರ್‌ಗೆ ಬ್ಲೂಟೂತ್, ವೈಫೈ ಜೋಡಿಸುವುದು ಹೇಗೆ? ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಗುಡುಗು ಶುರುವಾದ ಕೂಡಲೇ ಬ್ಲೂಟೂತ್, ವೈಫೈ ಆಫ್ ಮಾಡಿ, ಅದು ಸಿಡಿಲನ್ನು ಎಳೆಯುತ್ತದೆ ಎನ್ನುವ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಬ್ಲೂಟೂತ್ ಇಯರ್‌ಫೋನಿನಿಂದ ಕ್ಯಾನ್ಸರ್ ಬರುತ್ತದೆ, ಬ್ಲೂಟೂತ್ ಆನ್ ಇಟ್ಟರೆ ಬ್ಯಾಂಕಿನ ಹಣ ಹೋಗುತ್ತದೆ ಎನ್ನುವವೂ ಓಡಾಡುತ್ತಿವೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ಸತ್ಯ. ಮೊದಲು ಕಂಪ್ಯೂಟರ್‌ಗೆ ನಿಸ್ತಂತು ಸಾಧನಗಳನ್ನು ಜೋಡಿಸುವುದು ಹೇಗೆಂದು ನೋಡೋಣ. ಆಮೇಲೆ ಒಂದೊಂದಾಗಿ ಫಾರ್ವರ್ಡ್‌ಗಳನ್ನು ಪರೀಕ್ಷಿಸೋಣ.

ಬ್ಲೂಟೂತ್ ಎಂದರೇನು?

ಇದು ಕಡಿಮೆ ದೂರದ ರೇಡಿಯೊ ಸಂಪರ್ಕ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಇದರ ಕೆಲಸ ಆರಂಭವಾಯಿತು. 1998ರಲ್ಲಿ ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ ಮತ್ತು ತೊಷಿಬಾ ಸೇರಿ ಇದಕ್ಕೊಂದು ಒಕ್ಕೂಟ ಮಾಡಿಕೊಂಡವು. 10ನೇ ಶತಮಾನದ ಡೆನ್ಮಾರ್ಕ್ ದೊರೆ ಹರಾಲ್ಡ್ ಬ್ಲೂಟೂತ್‌ನ ಹೆಸರೇ ಇದಕ್ಕೆ ಬಂತು.

ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಜ್ ತರಂಗಾಂತರ ಪಟ್ಟಿಯಲ್ಲಿ. ವೈಫೈ, ಮೈಕ್ರೋವೇವ್ ಓವನ್ ಕೂಡ ಇಲ್ಲಿಯೇ ಇವೆ. ಭಾರತದಲ್ಲಿ 2005ರಿಂದ ಕಡಿಮೆ ಶಕ್ತಿಯ ಸಾಧನಗಳಿಗೆ ಈ ಪಟ್ಟಿಯಲ್ಲಿ ಲೈಸೆನ್ಸ್ ಬೇಕಿಲ್ಲ. ಇಷ್ಟೊಂದು ಗದ್ದಲದಲ್ಲೂ ಕೆಲಸ ನಡೆಯಲೆಂದು ಹಾಡು ಕೇಳಿಸುವ ಸಾಮಾನ್ಯ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ.

ನಿಮ್ಮ ಕಂಪ್ಯೂಟರಿನಲ್ಲಿ ಬ್ಲೂಟೂತ್ ಇದೆಯೇ?

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಹುತೇಕ ಇರುತ್ತದೆ. ಡೆಸ್ಕ್‌ಟಾಪ್‌ಗಳಲ್ಲಿ ಹಲವಕ್ಕೆ ಇರುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಬ್ಲೂಟೂತ್ ಎಂಬ ಸಾಲು ಕಂಡರೆ ಇದೆ. ಇಲ್ಲವಾದರೆ ಕೆಲವು ನೂರು ರೂಪಾಯಿಯ ಯುಎಸ್‌ಬಿ ಡಾಂಗಲ್ ಸಾಕು.

ಒಂದು ವಿಷಯ ಗಮನಿಸಿ. ಎಲ್ಲ ವಯರ್‌ಲೆಸ್ ಮೌಸ್ ಬ್ಲೂಟೂತ್ ಅಲ್ಲ. ಕೆಲವಕ್ಕೆ ಅವುಗಳದೇ ಪುಟ್ಟ ಯುಎಸ್‌ಬಿ ರಿಸೀವರ್ ಇರುತ್ತದೆ. ಅದು ಎಷ್ಟೋ ಸಲ ಮೌಸಿನ ಬ್ಯಾಟರಿ ಹಾಕುವ ಜಾಗದಲ್ಲೇ ಅಡಗಿರುತ್ತದೆ. ಅದನ್ನು ಕಂಪ್ಯೂಟರ್‌ಗೆ ಚುಚ್ಚಿದರೆ ಆಯಿತು, ಬೇರೆ ಜೋಡಣೆ ಬೇಕಿಲ್ಲ.

ಜೋಡಿಸುವ ಕ್ರಮ

1. ಇಯರ್‌ಫೋನ್, ಕೀಬೋರ್ಡ್ ಅಥವಾ ಸ್ಪೀಕರನ್ನು ಪೇರಿಂಗ್ ಸ್ಥಿತಿಗೆ ತನ್ನಿ. ಹೆಚ್ಚಿನವುಗಳಲ್ಲಿ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿದರೆ ದೀಪ ಮಿನುಗುತ್ತದೆ.
2. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಆಡ್ ಡಿವೈಸ್ ಎಂದು ಹೋಗಿ. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್ ಒಳಗೆ ಡಿವೈಸಸ್ ಎಂಬಲ್ಲಿದೆ.
3. ಪಟ್ಟಿಯಲ್ಲಿ ನಿಮ್ಮ ಸಾಧನದ ಹೆಸರು ಬಂದಾಗ ಅದನ್ನು ಆರಿಸಿ.
4. ಎರಡೂ ಕಡೆ ಸಂಖ್ಯೆ ತೋರಿಸಿದರೆ ಒಂದೇ ಇದೆಯೇ ಎಂದು ನೋಡಿ ಒಪ್ಪಿಗೆ ಕೊಡಿ. ಹಳೆಯ ಸಾಧನ ಪಿನ್ ಕೇಳಿದರೆ ಸಾಮಾನ್ಯವಾಗಿ 0000 ಅಥವಾ 1234.

ಸಿಗದಿದ್ದರೆ ಏನು ಮಾಡುವುದು?

- ಇಯರ್‌ಫೋನ್ ಈಗಾಗಲೇ ನಿಮ್ಮ ಮೊಬೈಲಿಗೆ ಅಂಟಿಕೊಂಡಿರಬಹುದು. ಮೊಬೈಲಿನ ಬ್ಲೂಟೂತ್ ಸ್ವಲ್ಪ ಹೊತ್ತು ಆಫ್ ಮಾಡಿ.
- ವಿಂಡೋಸ್ 11 ಹಳೆಯ ಅಥವಾ ಅಪರೂಪದ ಸಾಧನಗಳನ್ನು ಪಟ್ಟಿಯಲ್ಲಿ ತೋರಿಸದೆ ಇರಬಹುದು. ಬ್ಲೂಟೂತ್ ಡಿವೈಸಸ್ ಡಿಸ್ಕವರಿ ಎಂಬುದನ್ನು ಅಡ್ವಾನ್ಸ್‌ಡ್ ಎಂದು ಬದಲಿಸಿ.
- ಬ್ಲೂಟೂತ್ ಬಟನ್ನೇ ಮಾಯವಾಗಿದ್ದರೆ ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಕೆಲವು ನಿಮಿಷ ಬಿಟ್ಟು ಆನ್ ಮಾಡಿ. ಆಗಲೂ ಬರದಿದ್ದರೆ ತಯಾರಕರ ವೆಬ್‌ಸೈಟಿನಿಂದ ಡ್ರೈವರ್ ಹಾಕಿ.
- ಮೌಸ್ ತಡವರಿಸುತ್ತಿದ್ದರೆ ರಿಸೀವರ್ ಇರುವ ಜಾಗ ನೋಡಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಪಕ್ಕದಲ್ಲಿದ್ದರೆ ಅದರಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಜ್ ಪಟ್ಟಿಗೆ ತೊಂದರೆ ಕೊಡುತ್ತದೆ. ಬೇರೆ ಪೋರ್ಟ್‌ಗೆ ಹಾಕಿ.
- ಆನ್‌ಲೈನ್ ಕ್ಲಾಸ್ ಶುರುವಾದ ಕೂಡಲೇ ಇಯರ್‌ಫೋನಿನ ಧ್ವನಿ ಹಳೇ ಟೆಲಿಫೋನಿನಂತೆ ಆಗುತ್ತದೆಯೇ? ಇಯರ್‌ಫೋನ್ ಕೆಟ್ಟಿಲ್ಲ. ಮೈಕ್ ಆನ್ ಆದಾಗ ಬ್ಲೂಟೂತ್ ಕರೆಯ ವಿಧಾನಕ್ಕೆ ಬದಲಾಗುತ್ತದೆ, ಧ್ವನಿಯ ಗುಣಮಟ್ಟ ಇಳಿಯುತ್ತದೆ. ಮೈಕ್ ಆಗಿ ಲ್ಯಾಪ್‌ಟಾಪಿನ ಸ್ವಂತ ಮೈಕನ್ನು ಆರಿಸಿದರೆ ಸರಿಹೋಗುತ್ತದೆ.

ಚಾವಡಿಯಲ್ಲಿ ಸಿಗುವ ವೈಫೈ ಅಡುಗೆಮನೆಗೆ ಏಕೆ ಬರುವುದಿಲ್ಲ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೆಂಪುಕಲ್ಲಿನ ಮನೆಗಳು ಹೆಚ್ಚು. ದಪ್ಪ ಕಲ್ಲಿನ ಗೋಡೆ ರೇಡಿಯೊ ಅಲೆಯನ್ನು ಹೀರುತ್ತದೆ. ಮಳೆಗಾಲದಲ್ಲಿ ಗೋಡೆ ತೇವ ಹಿಡಿದರೆ ಇನ್ನೂ ಹೆಚ್ಚು. ಬೀರು, ಕಬ್ಬಿಣದ ಬಾಗಿಲು, ತಗಡಿನ ಶೀಟು ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ.

ರೂಟರಿನಲ್ಲಿ ಎರಡು ಪಟ್ಟಿ ಇದ್ದರೆ ಹೀಗೆ ಬಳಸಿ: ಅದೇ ಕೋಣೆಯಲ್ಲಿದ್ದರೆ 5 ಗಿಗಾಹರ್ಟ್ಜ್, ವೇಗ ಹೆಚ್ಚು. ಗೋಡೆ ದಾಟಬೇಕಿದ್ದರೆ 2.4 ಗಿಗಾಹರ್ಟ್ಜ್, ವೇಗ ಕಡಿಮೆಯಾದರೂ ದೂರ ತಲುಪುತ್ತದೆ. ರೂಟರನ್ನು ಮೂಲೆಯ ಕಪಾಟಿನಲ್ಲಿಡುವ ಬದಲು ಮನೆಯ ಮಧ್ಯಭಾಗದಲ್ಲಿ, ಎತ್ತರದಲ್ಲಿಡಿ. ಡೆಸ್ಕ್‌ಟಾಪಿಗೆ ವೈಫೈ ಆಂಟೆನಾ ಕೊಟ್ಟಿದ್ದರೆ ಹಿಂದೆ ತಿರುಗಿಸಿ ಹಾಕಲು ಮರೆಯಬೇಡಿ. ಅದಿಲ್ಲದೆ ಪಕ್ಕದಲ್ಲೇ ರೂಟರ್ ಇದ್ದರೂ ಸಿಗ್ನಲ್ ಕುಂಟುತ್ತದೆ.

ದೊಡ್ಡ ಫೈಲಿಗೆ ಬ್ಲೂಟೂತ್ ಬೇಡ. 1 ಜಿಬಿಯ ಯಕ್ಷಗಾನದ ವಿಡಿಯೊ ಕಳಿಸಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಕೇಬಲ್ ಅಥವಾ ವೈಫೈ ಮೂಲಕ ಕಳಿಸಿ.

ಈಗ ಫಾರ್ವರ್ಡ್‌ಗಳ ಪರೀಕ್ಷೆ

ಹೇಳಿಕೆ: ಬ್ಲೂಟೂತ್, ವೈಫೈ ಸಿಡಿಲನ್ನು ಎಳೆಯುತ್ತವೆ.
ಸುಳ್ಳು. ಇಷ್ಟು ಸಣ್ಣ ರೇಡಿಯೊ ಅಲೆಗೆ ಸಿಡಿಲಿನ ದಾರಿ ಬದಲಿಸುವ ಶಕ್ತಿ ಇಲ್ಲ. ಸಿಡಿಲು ಮನೆಯೊಳಗಿನ ಯಂತ್ರಗಳನ್ನು ಸುಡುವುದು ತಂತಿಗಳ ಮೂಲಕ: ಕರೆಂಟಿನ ಲೈನು, ಟಿವಿ ಕೇಬಲ್, ತಾಮ್ರದ ಟೆಲಿಫೋನ್ ತಂತಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ ನಿಜ. ಆದರೆ ಅದರ ರೂಟರಿನ ಅಡಾಪ್ಟರ್ ಪ್ಲಗ್‌ನಲ್ಲೇ ಇರುತ್ತದಲ್ಲ? ಆದ್ದರಿಂದ ಮೋಡ ಕಟ್ಟುತ್ತಿರುವಾಗಲೇ ಪ್ಲಗ್‌ಗಳನ್ನು ಕಳಚಿಡಿ. ನೆತ್ತಿಯ ಮೇಲೆ ಗುಡುಗುವಾಗ ಪ್ಲಗ್ ಮುಟ್ಟಲು ಹೋಗಬೇಡಿ.

ಈ ಸುಳ್ಳಿನ ನಿಜವಾದ ಅಪಾಯ ಬೇರೆ ಇದೆ. ಮೊಬೈಲ್ ಆಫ್ ಮಾಡಿದ್ದೇನಲ್ಲ ಎಂಬ ಧೈರ್ಯದಲ್ಲಿ ಯಾರಾದರೂ ತೋಟದಲ್ಲೋ ಗದ್ದೆಯಲ್ಲೋ ಮರದಡಿಯಲ್ಲೋ ನಿಂತರೆ ಜೀವಕ್ಕೇ ಕುತ್ತು. ಕರಾವಳಿಯಲ್ಲಿ ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸುಮಾರಿಗೆ ಸಂಜೆಯ ಗುಡುಗು ಮಳೆ ಸಾಮಾನ್ಯ. ಗುಡುಗು ಕೇಳಿದರೆ ಒಳಗೆ ಬನ್ನಿ. ಕೊನೆಯ ಗುಡುಗಿನ ನಂತರವೂ 30 ನಿಮಿಷ ಒಳಗೇ ಇರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ಅದನ್ನು ನೋಡಲು ಮೊಬೈಲ್ ಆನ್ ಇರಬೇಕು.

ಹೇಳಿಕೆ: ಬ್ಲೂಟೂತ್‌ನಿಂದ ಕ್ಯಾನ್ಸರ್.
ಪುರಾವೆ ಇಲ್ಲ. 2011ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೊ ಅಲೆಗಳನ್ನು 2ಬಿ ಗುಂಪಿಗೆ, ಅಂದರೆ 'ಬಹುಶಃ ಇರಬಹುದು, ಸಾಕ್ಷ್ಯ ಸಾಲದು' ಎಂಬ ಗುಂಪಿಗೆ ಸೇರಿಸಿತು. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರ್‌ಗೂ ನಂಟು ಕಾಣಲಿಲ್ಲ. ಸಾಮಾನ್ಯ ಬ್ಲೂಟೂತ್ ಸಾಧನದ ಶಕ್ತಿ ಸುಮಾರು 2.5 ಮಿಲಿವ್ಯಾಟ್. 4ಜಿ ಫೋನ್ ಗರಿಷ್ಠ ಸುಮಾರು 200 ಮಿಲಿವ್ಯಾಟ್ ಹೊಮ್ಮಿಸುತ್ತದೆ. ಇಯರ್‌ಫೋನಿನಲ್ಲಿ ನಿಜಕ್ಕೂ ಹೆದರಬೇಕಾದದ್ದು ಜೋರು ಸದ್ದಿಗೆ. ಅದು ಕಿವಿಯನ್ನು ಹಾಳುಮಾಡುತ್ತದೆ.

ಹೇಳಿಕೆ: ಬ್ಲೂಟೂತ್ ಬಳಸಿದರೆ ಡೇಟಾ ಖಾಲಿಯಾಗುತ್ತದೆ.
ಬ್ಲೂಟೂತಿಗೆ ಇಂಟರ್ನೆಟ್ ಬೇಕಿಲ್ಲ. ನೀವು ಆನ್‌ಲೈನಿನಲ್ಲಿ ಕೇಳುವ ಹಾಡಿಗೆ ಡೇಟಾ ಹೋಗುತ್ತದೆ, ಇಯರ್‌ಫೋನಿಗಲ್ಲ.

ಹೇಳಿಕೆ: ಬ್ಲೂಟೂತ್ ಆನ್ ಇದ್ದರೆ ಬ್ಯಾಂಕ್ ಖಾತೆ ಖಾಲಿ.
ಅರ್ಧ ಸತ್ಯ. 2017ರಲ್ಲಿ ಬ್ಲೂಬೋರ್ನ್ ಎಂಬ ಗಂಭೀರ ದೋಷ ಬೆಳಕಿಗೆ ಬಂತು. ಅದನ್ನು ಮುಚ್ಚುವ ಅಪ್‌ಡೇಟ್‌ಗಳೂ ಬಂದವು. ಆದ್ದರಿಂದ ಅಪ್‌ಡೇಟ್ ಹಾಕಿಕೊಳ್ಳುವುದು ಮುಖ್ಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದು ನೆನಪಿರಲಿ. ನೀವು ಕೇಳದೆ ಬಂದ ಪೇರಿಂಗ್ ವಿನಂತಿಗೆ ಒಪ್ಪಬೇಡಿ.

ಹಣ ಹೋಗುವ ದೊಡ್ಡ ದಾರಿ ಬೇರೆ. ಪ್ರಿಂಟರ್ ಕನೆಕ್ಟ್ ಆಗುತ್ತಿಲ್ಲ ಎಂದು ಗೂಗಲ್ ಮಾಡಿ ಸಿಕ್ಕಿದ ನಂಬರಿಗೆ ಕರೆ ಮಾಡುತ್ತೀರಿ. ಆ ಕಡೆಯವರು ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿ, ಸೇವಾ ಶುಲ್ಕವೆಂದು ಹತ್ತು ರೂಪಾಯಿ ಕೇಳಿ, ನಿಮ್ಮ ಒಟಿಪಿ ನೋಡಿಬಿಡುತ್ತಾರೆ. ಸಹಾಯವಾಣಿ ನಂಬರನ್ನು ಬಾಕ್ಸಿನ ಮೇಲಿಂದ ಅಥವಾ ಕಂಪನಿಯ ಅಧಿಕೃತ ವೆಬ್‌ಸೈಟಿನಿಂದ ಮಾತ್ರ ತೆಗೆದುಕೊಳ್ಳಿ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ

ಗುಡುಗುವಾಗ ಮನೆಯೊಳಗಿರಿ, ಪ್ಲಗ್ ಮೊದಲೇ ಕಳಚಿ, ಒಟಿಪಿ ಯಾರಿಗೂ ಕೊಡಬೇಡಿ. ಬ್ಲೂಟೂತ್ ಆನ್ ಇರಲಿ, ಆಫ್ ಇರಲಿ, ಈ ಮೂರು ಬದಲಾಗುವುದಿಲ್ಲ. ಮುಂದಿನ ಸಲ ಸಿಡಿಲಿನ ಆ ಫಾರ್ವರ್ಡ್ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ, ಬದಲಿಗೆ ಈ ಮೂರು ಮಾತು ಕಳಿಸಿ.