ಗಾಳಕ್ಕೂ ದಾರಕ್ಕೂ ನಡುವೆ ಆರು ಮೊಳ

ಮಳೆಗಾಲ ಕಳೆದು ದೀಪಾವಳಿ ಸಮೀಪಿಸುವ ಹೊತ್ತಿಗೆ ಸಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಹೊಳೆಗಳಲ್ಲಿ ನೀರು ತಿಳಿಯಾಗುತ್ತದೆ. ನೀರು ತಿಳಿಯಾದಂತೆ ಗಾಳ ಹಾಕುವವನ ಕಷ್ಟ ಹೆಚ್ಚುತ್ತದೆ. ಮುಂಗಾರಿನ ಕೆನ್ನೀರಿನಲ್ಲಿ ದಾರ ಎಷ್ಟು ದಪ್ಪವಿದ್ದರೂ ನಡೆಯುತ್ತದೆ. ಹೊಸನೀರಿಗೆ ಗದ್ದೆಯ ಕಾಲುವೆ ಹತ್ತಿ ಬರುವ ಹತ್ತುಮೀನಿಗಂತೂ ದಾರವೂ ಬೇಡ, ಕೂಣಿ ಇಟ್ಟರೆ ಸಾಕು. ಆದರೆ ಕಾರ್ತಿಕದ ಮಡುವಿನಲ್ಲಿ, ತಳದ ಬೆಣಚುಕಲ್ಲು ಎಣಿಸುವಷ್ಟು ತಿಳಿನೀರಿನಲ್ಲಿ, ಎರೆಗಿಂತ ಮೊದಲು ಮೀನಿಗೆ ಕಾಣುವುದು ದಾರ. ಕಾಣದಿರಲೆಂದು ದಾರ ತೆಳ್ಳಗೆ ಮಾಡಿದರೆ ಮೀನು ಹರಿದುಕೊಂಡು ಹೋಗುತ್ತದೆ. ಹರಿಯದಿರಲೆಂದು ದಪ್ಪ ಮಾಡಿದರೆ ಮೀನು ಹತ್ತಿರವೇ ಸುಳಿಯುವುದಿಲ್ಲ.

ಈ ಇಕ್ಕಟ್ಟಿಗೆ ಗಾಳಗಾರರು ಕಂಡುಕೊಂಡ ಉಪಾಯ ಹಳೆಯದು. ಇಡೀ ದಾರ ಒಂದೇ ಬಗೆಯದಾಗಿರಬೇಕಿಲ್ಲ. ಮೂಲದಾರ ಗಟ್ಟಿಯಾಗಿರಲಿ; ಕೊಕ್ಕೆಯ ಸಮೀಪ ಮಾತ್ರ ಬೇರೆ ಗುಣದ ಒಂದು ತುಂಡನ್ನು ಗಂಟು ಹಾಕಿದರಾಯಿತು. ಇಂಗ್ಲಿಷಿನವರು ಅದನ್ನು ಲೀಡರ್ ಎಂದರು, ಮಹಶೀರ್ ಬೇಟೆಯ ದೊರೆಗಳು ಟ್ರೇಸ್ ಎಂದರು. ಅದು ಎಷ್ಟು ಉದ್ದವಿರಬೇಕು, ಯಾವುದರಿಂದ ಮಾಡಿರಬೇಕು ಎಂಬ ಸಣ್ಣ ಪ್ರಶ್ನೆಯ ಹಿಂದೆ ಎಂಟು ನೂರು ವರ್ಷಗಳಿಗೂ ಮೀರಿದ ಕಥೆಯಿದೆ.

ಆ ಕಥೆಯ ಮೊದಲ ಪುಟಗಳಲ್ಲೊಂದು ಕನ್ನಡ ನಾಡಿನದೇ. ಬನವಾಸಿ ಹನ್ನೆರಡು ಸಾವಿರ, ಎಂದರೆ ಈಗಿನ ಸಿರಸಿಯ ಸುತ್ತಿನ ಸೀಮೆ, ಕಲ್ಯಾಣ ಚಾಲುಕ್ಯರ ಆಡಳಿತದಲ್ಲಿದ್ದಾಗ ಮೂರನೆಯ ಸೋಮೇಶ್ವರ (1126–1138) ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರ ವಿನೋದಗಳ ನಡುವೆ 'ಮತ್ಸ್ಯವಿನೋದ' ಎಂಬ ಪ್ರಕರಣವೇ ಉಂಟು. ಮೀನಿನ ಜಾತಿಗಳು, ಅವು ತಿನ್ನುವ ಆಹಾರ, ಗಾಳ ಹಾಕುವ ಬಗೆ ಇವೆಲ್ಲ ಅಲ್ಲಿ ಬರುತ್ತವೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಪ್ರಕರಣದ ಬಗ್ಗೆ ಲೇಖನ ಪ್ರಕಟಿಸಿದ ಮೇಲೆ ಅದು ವಿದ್ವಾಂಸರ ಗಮನಕ್ಕೆ ಬಂತು. ಗಾಳ ಹಾಕುವುದು ಬಿಳಿಯರು ಕಲಿಸಿದ ಶೋಕಿ ಎನ್ನುವವರು ಈ ಪುಟಗಳನ್ನು ನೋಡಬೇಕು.

ಅರಸನ ವಿನೋದ ಹಾಗಿರಲಿ. ಜನಸಾಮಾನ್ಯರ ದಾರ ಕಾಡಿನಿಂದ, ಬೇಲಿಯಿಂದ ಬರುತ್ತಿತ್ತು. ಬೈನೆ ಮರದ ಎಲೆದಂಟಿನ ಬುಡದಿಂದ ತೆಗೆಯುವ ಕಪ್ಪು ನಾರು ಕುದುರೆಯ ಕೂದಲಿನಂತೆ ಬಿರುಸು. ಎಕ್ಕದ ಕಾಂಡದ ನಾರು ನುಣುಪು, ನೀರಿನಲ್ಲಿ ಬೇಗ ಕೊಳೆಯದು. ಈ ಎರಡೂ ನಾರುಗಳು ಗಾಳದ ದಾರಕ್ಕೂ ಬಿಲ್ಲಿನ ಹೆದೆಗೂ ಬಳಕೆಯಾಗುತ್ತಿದ್ದವೆಂದು ಹತ್ತೊಂಬತ್ತನೆಯ ಶತಮಾನದ ಸಸ್ಯಶಾಸ್ತ್ರ ಗ್ರಂಥಗಳು ದಾಖಲಿಸಿವೆ. ಹೊಸೆದ ನಾರಿಗೆ ಒಂದು ಮಿತಿಯಿತ್ತು. ಸಣ್ಣ ಮೀನಿಗೆ, ಮಧ್ಯಮ ಗಾತ್ರದ ಮೀನಿಗೆ ಅದು ಸಾಕು. ಮಡುವಿನ ತಳದ ದೊಡ್ಡ ಮೀನು ಸಿಕ್ಕಿದರೆ ಕಿತ್ತುಕೊಂಡು ಹೋಗುವುದೇ ಹೆಚ್ಚು. ಹೊಳೆಯ ಹಿರಿಯ ಮೀನುಗಳನ್ನು ಶತಮಾನಗಳ ಕಾಲ ಕಾಯ್ದವುಗಳಲ್ಲಿ ದಾರದ ಈ ದೌರ್ಬಲ್ಯವೂ ಒಂದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬೇರೊಂದು ದಾರ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಅಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಜಿಲ್ಲೆಯ ಮೀನು ಸಾಕಣೆಯ ಕುರಿತು ವರದಿ ಬರೆದು, 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಪ್ರಕಟಿಸಿದ. ಪಶ್ಚಿಮ ಘಟ್ಟದ ಹೊಳೆಗಳ ಮಹಶೀರ್ ಮೀನಿಗೆ ಇಂಗ್ಲಿಷ್ ಓದುಗರಲ್ಲಿ ಕೀರ್ತಿ ತಂದದ್ದು ಈ ಪುಸ್ತಕ. ಅಗಲವಾದ ಹುರುಪೆಯ ಈ ಮೀನು ಅಘನಾಶಿನಿ, ಬೇಡ್ತಿ, ಕಾಳಿ ಹೊಳೆಗಳಲ್ಲಿಯೂ ಇದೆ. ಕಾವೇರಿಯ ಕಡೆ ಇದರ ಬಳಗದವನ್ನು ಬಿಳಿಮೀನು ಎನ್ನುತ್ತಾರೆ.

ಥಾಮಸನ ಕಾಲದ ಲೀಡರ್ ರೇಷ್ಮೆಹುಳುವಿನ ಕರುಳಿನದೆಂದು ಹೆಸರು; ನಿಜಕ್ಕೂ ಅದು ಕರುಳಲ್ಲ. ಗೂಡು ಕಟ್ಟುವ ಮುನ್ನ ಹುಳುವನ್ನು ವಿನಿಗರಿನಲ್ಲಿ ನೆನೆಸಿ ಕೊಂದು, ಒಳಗಿನ ರೇಷ್ಮೆ ಗ್ರಂಥಿಯನ್ನು ಎಳೆದು ಒಂದೇ ಎಳೆಯಾಗಿ ಒಣಗಿಸುವುದು. ಸ್ಪೇನಿನ ಮುರ್ಸಿಯಾ ಪ್ರದೇಶ ಈ ಉದ್ಯಮದ ಕೇಂದ್ರವಾಗಿತ್ತು. ಎಳೆ ಗಾಜಿನಂತೆ ಪಾರದರ್ಶಕ. ಆದರೆ ಒಂದು ಹುಳು ಕೊಡುವುದು ಒಂದು, ಹೆಚ್ಚೆಂದರೆ ಒಂದೂವರೆ ಅಡಿ. ಹೀಗಾಗಿ ತುಂಡಿಗೆ ತುಂಡು ಗಂಟು ಹಾಕಿ ಮೂರು ಗಜ, ನಮ್ಮ ಲೆಕ್ಕದಲ್ಲಿ ಆರು ಮೊಳ, ಮಾಡುತ್ತಿದ್ದರು. ಒಂಬತ್ತು ಅಡಿಯ ಲೀಡರ್ ಎಂಬ ಅಳತೆ ಇಂದಿಗೂ ಅಂಗಡಿಗಳಲ್ಲಿ ಉಳಿದಿದೆ. ಒಣಗಿದ ಎಳೆ ಪೆಡಸು. ಬಳಸುವ ಮೊದಲು ನೀರಿನಲ್ಲಿ ನೆನೆಸಲೇಬೇಕು. ಬಿಸಿಲು ತಾಗಿದರೆ ಸತ್ವ ಕಳೆದುಕೊಳ್ಳುತ್ತದೆ. ನಮ್ಮ ಸೆಕೆಗೆ ಹೇಳಿ ಮಾಡಿಸಿದ ವಸ್ತುವಲ್ಲ ಅದು.

ಮಹಶೀರಿನ ಬಾಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಿನಲ್ಲಿ. ಅದು ಕಪ್ಪೆಚಿಪ್ಪನ್ನು ಪುಡಿ ಮಾಡುವುದೂ, ದುರ್ಬಲ ಕೊಕ್ಕೆಯನ್ನು ಹಿಂಡಿ ಮುರಿಯುವುದೂ ಅಲ್ಲಿಯೇ. ಆದ್ದರಿಂದ ತಂತಿಯ ಲೀಡರ್ ಹಲ್ಲಿನ ಭಯಕ್ಕೆ ಬೇಕಿಲ್ಲ. ನಿಜವಾದ ಶತ್ರು ಬಂಡೆ. ಮೀನು ಕೊಕ್ಕೆ ಕಚ್ಚಿದೊಡನೆ ರಭಸದ ನೀರಿಗೆ ಧಾವಿಸಿ ಬಂಡೆಗಳ ಸಂದು ಸೇರುತ್ತದೆ. ದಾರ ಅಲ್ಲಿ ಉಜ್ಜಿ ಹರಿಯುತ್ತದೆ. ಉಂಚಳ್ಳಿ, ಮಾಗೋಡು ಜಲಪಾತಗಳ ಕೆಳಗಿನ ಕಣಿವೆಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅದೇ ಪೂರ್ವಕ್ಕೆ ಹರಿಯುವ ವರದೆಯ ಜಲಾನಯನದ ಬಾಳೆಮೀನಿನ ಮಾತು ಬೇರೆ. ಅದರ ದವಡೆ ತುಂಬ ಹಲ್ಲು. ಅಲ್ಲಿ ಗೇಣುದ್ದದ ತಂತಿಯೇ ಲೇಸು. ಒಂದೇ ತಾಲ್ಲೂಕಿನ ಎರಡು ದಿಕ್ಕಿನ ಹೊಳೆಗಳಿಗೆ ಎರಡು ಬಗೆಯ ಲೀಡರ್!

1935ರ ಫೆಬ್ರವರಿಯಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವಾಲೆಸ್ ಕರೋದರ್ಸ್‌ನ ತಂಡ ನೈಲಾನ್ ತಯಾರಿಸಿತು. 1938ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು. ಹೆಂಗಸರ ಕಾಲುಚೀಲದ ಸುದ್ದಿಯ ಗದ್ದಲದಲ್ಲಿ ಗಾಳದ ದಾರದ ಸುದ್ದಿ ಮುಳುಗಿಹೋಯಿತು. ಎರಡನೆಯ ಮಹಾಯುದ್ಧದ ನಂತರ ರೇಷ್ಮೆ ಎಳೆಯ ಉದ್ಯಮ ಕ್ರಮೇಣ ಅಳಿಯಿತು. ಕರಾವಳಿಯ ಜನ ತಂಗೂಸಿ ಎನ್ನುವ ದಾರ ಘಟ್ಟದ ಮೇಲಿನ ಸಂತೆಗಳಿಗೂ ಬಂತು. ಗಂಟಿಲ್ಲ, ನೆನೆಸುವ ಗೋಜಿಲ್ಲ, ಕೊಳೆಯುವುದಿಲ್ಲ, ಬೆಲೆಯೂ ಅಗ್ಗ. ಬಿದಿರ ಕೋಲು, ಬೆಂಡು, ಎರೆಹುಳು ಹಾಗೆಯೇ ಉಳಿದವು, ಬದಲಾದದ್ದು ದಾರವೊಂದೇ. ಆದರೆ ಹರಿದುಕೊಂಡು ಹೋಗುತ್ತಿದ್ದ ದೊಡ್ಡ ಮೀನಿಗೆ ಆ ಒಂದೇ ಬದಲಾವಣೆ ಸಾಕಾಗಿತ್ತು. ಅದೇ ತಂಗೂಸಿಯಿಂದ ಬಲೆಯೂ ಆಯಿತು.

ಇಷ್ಟಕ್ಕೆ ದಾರವನ್ನೊಂದೇ ದೂರುವುದು ನ್ಯಾಯವಲ್ಲ. ಕಾರೆಕಾಯಿ ಅರೆದು ಮಡುವಿಗೆ ಹಾಕುವುದು ಹಳೆಯ ರೂಢಿ. ಸಿಡಿಮದ್ದು ಬಂದ ಮೇಲೆ ಅದೂ ಸೇರಿಕೊಂಡಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಇವೆರಡನ್ನೂ ಅಪರಾಧವೆಂದು ಸಾರಿತು. ಮರಿಮೀನುಗಳ ನಾಶದ ಬಗ್ಗೆ ಥಾಮಸ್ ಅದಕ್ಕೂ ಕಾಲು ಶತಮಾನ ಮೊದಲೇ ಎಚ್ಚರಿಸಿದ್ದ. ಅಣೆಕಟ್ಟುಗಳ ಪಾಲು ಇನ್ನೂ ದೊಡ್ಡದು: ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಸಾಲಾಗಿ ಬಂದವು. ಬೇಡ್ತಿಯ ಜಲವಿದ್ಯುತ್ ಯೋಜನೆ ಮಾತ್ರ ಜನರ ವಿರೋಧದಿಂದ 1980ರ ದಶಕದಲ್ಲಿ ನಿಂತಿತು. ಅಡಕೆ ತೋಟದ ಶಾಕಾಹಾರಿ ಕುಟುಂಬಗಳವರೂ ಆ ಹೋರಾಟದಲ್ಲಿದ್ದರು. ಹೊಳೆಯ ಮೀನಿಗೆ ಉಪಕಾರವಾದದ್ದು ಹೀಗೆ, ಮೀನು ತಿನ್ನದವರಿಂದಲೂ!

ನೈಲಾನಿನ ನಂತರವೂ ದಾರದ ಸಂಶೋಧನೆ ನಿಲ್ಲಲಿಲ್ಲ. ಜಪಾನಿನ ಕುರೆಹಾ ಕಂಪನಿ 1970ರ ದಶಕದ ಆರಂಭದಲ್ಲಿ ಫ್ಲೋರೊಕಾರ್ಬನ್ ಲೀಡರ್ ತಂದಿತು. ಬೆಳಕಿನ ವಕ್ರೀಭವನಾಂಕ ನೀರಿಗೆ 1.33, ಫ್ಲೋರೊಕಾರ್ಬನ್ನಿಗೆ ಸುಮಾರು 1.42, ನೈಲಾನಿಗೆ 1.5ಕ್ಕೂ ಹೆಚ್ಚು. ಈ ಅಂಕ ನೀರಿನದಕ್ಕೆ ಹತ್ತಿರವಾದಷ್ಟೂ ದಾರ ಕಣ್ಣಿಗೆ ಮರೆಯಾಗುತ್ತದೆ. ಅದು ನೀರಿನಲ್ಲಿ ಮುಳುಗುತ್ತದೆ, ಬಂಡೆಯ ಉಜ್ಜಾಟವನ್ನೂ ಚೆನ್ನಾಗಿ ತಾಳುತ್ತದೆ. ಆಮೇಲೆ ಬಂದ ಪಾಲಿಎಥಿಲೀನ್ ಹೆಣೆದಾರ ತೆಳುವಾದರೂ ಬಲು ಗಟ್ಟಿ. ಆದರೆ ಹಿಗ್ಗುವುದಿಲ್ಲ, ಕಲ್ಲಿನ ಅಂಚಿಗೆ ತಟ್ಟನೆ ತುಂಡಾಗುತ್ತದೆ. ಆದ್ದರಿಂದ ಇಂದಿನ ಹವ್ಯಾಸಿಗಳು ಮೂಲಕ್ಕೆ ಹೆಣೆದಾರ, ತುದಿಗೆ ನೈಲಾನ್ ಅಥವಾ ಫ್ಲೋರೊಕಾರ್ಬನ್ ಎಂದು ಹೊಂದಿಸುತ್ತಾರೆ. ಕೆನ್ನೀರಿಗೆ ಎರಡು ಮೊಳ ಸಾಕು. ತಿಳಿನೀರಿಗೆ ಆರು ಮೊಳ, ಕೆಲವೊಮ್ಮೆ ಇನ್ನೂ ಉದ್ದ.

ಉದ್ದದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಉಂಟು. ಲೀಡರ್ ಮೂಲದಾರಕ್ಕಿಂತ ತುಸು ದುರ್ಬಲವಾಗಿರಬೇಕೆಂಬುದು ರೂಢಿ. ಕೊಕ್ಕೆ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡಾಗ ಎಳೆದರೆ ಲೀಡರೇ ಹರಿಯಬೇಕು. ಲೀಡರ್ ಹೆಚ್ಚು ಗಟ್ಟಿಯಾಗಿದ್ದರೆ ಮೇಲೆಲ್ಲೋ ಮೂಲದಾರವೇ ಹರಿದು ಮಾರುಗಟ್ಟಲೆ ತಂಗೂಸಿ ಹೊಳೆಯಲ್ಲಿ ಉಳಿಯುತ್ತದೆ. ಎಕ್ಕದ ನಾರಾದರೆ ಕಾಲಕ್ರಮದಲ್ಲಿ ಕೊಳೆತು ಹೋಗುತ್ತಿತ್ತು. ತಂಗೂಸಿ ವರ್ಷಗಟ್ಟಲೆ ಬೇರುಗಳ ನಡುವೆ ಸುತ್ತಿಕೊಂಡು ನೀರುನಾಯಿಯ ಕಾಲಿಗೆ, ನೀರುಕಾಗೆಯ ಕೊರಳಿಗೆ ತೊಡರುತ್ತದೆ. ತುದಿಯ ದಾರ ಮೊದಲು ಹರಿದರೆ ಹೊಳೆಯಲ್ಲಿ ಉಳಿಯುವುದು ಒಂದು ಕೊಕ್ಕೆ, ಹೆಚ್ಚೆಂದರೆ ಆರು ಮೊಳ ದಾರ.