ವೇಲ್ಸ್ ದೇಶದ ಬೆಟ್ಟಗಳೂ ಬೆಳಕಿನ ಅಳತೆಗೋಲೂ

ಪರ್ವತವನ್ನೇ ಭೂಮಿಯ ಅಳತೆಗೋಲೆಂದು ಭಾವಿಸಿದ ಕವಿಗಳುಂಟು. ಬ್ರಿಟನ್ ದ್ವೀಪದ ಪಶ್ಚಿಮಕ್ಕಿರುವ ವೇಲ್ಸ್ ದೇಶದಲ್ಲಾದರೋ ಪರ್ವತವೇ ಅಳತೆಗೆ ಒಳಗಾಗಿ, ತನ್ನ ಪದವಿಯನ್ನು ಉಳಿಸಿಕೊಳ್ಳುವುದೋ ಕಳೆದುಕೊಳ್ಳುವುದೋ ಎಂಬ ಸ್ಥಿತಿಗೆ ಬಂದಿರುವುದು. ಆ ನಾಡಿನ ಅತ್ಯುನ್ನತ ಶಿಖರವಾದ ಸ್ನೋಡನ್, ವೇಲ್ಸ್ ಜನರ ಮಾತಿನಲ್ಲಿ ಅರ್ ವಿದ್ವಾ, 1085 ಮೀಟರು ಮಾತ್ರ ಎತ್ತರವುಳ್ಳದ್ದು. ಅಲ್ಪಧನನು ಕಾಸುಕಾಸನ್ನೂ ಎಣಿಸುವಂತೆ ಅಲ್ಲಿಯವರು ಬೆಟ್ಟಗಳ ಅಂಗುಲ ಅಂಗುಲವನ್ನೂ ಎಣಿಸುವರು.

2000 ಅಡಿಗಳನ್ನು ಮುಟ್ಟಿದುದು ಪರ್ವತ, ಮುಟ್ಟದುದು ಗುಡ್ಡ ಎಂಬ ರೂಢಿಯು ಆ ದೇಶದಲ್ಲಿ ಬೇರೂರಿದೆ. 2000 ಅಡಿಯೆಂದರೆ 609.6 ಮೀಟರು. ಬ್ರಿಟನ್ನಿನ ಸರಕಾರಿ ಭೂಮಾಪನ ಶಾಖೆಯು 1791ರಲ್ಲಿ ಸ್ಥಾಪಿತವಾಯಿತು. ಅಳೆದ ಒಂದು ಆಧಾರರೇಖೆಯ ಮೇಲೆ ತ್ರಿಕೋನಗಳನ್ನು ಹೆಣೆಯುತ್ತ, ಥಿಯೊಡೊಲೈಟ್ ಯಂತ್ರದಿಂದ ಕೋನಗಳನ್ನು ನೋಡುತ್ತ ಹೋಗುವುದು ಅದರ ಕ್ರಮ. (1800ರಲ್ಲಿ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದುದೂ ಇದೇ ಶಾಸ್ತ್ರದಂತೆಯೇ.) ಎತ್ತರಗಳ ಲೆಕ್ಕಕ್ಕೆ ಕಾರ್ನ್‌ವಾಲ್ ಪ್ರಾಂತದ ನ್ಯೂಲಿನ್ ಬಂದರಿನಲ್ಲಿ 1915ರಿಂದ 1921ರವರೆಗೆ ನೋಡಿದ ಸಮುದ್ರದ ಸರಾಸರಿ ಮಟ್ಟವೇ ಶೂನ್ಯವೆಂದು ಗೊತ್ತಾಯಿತು. ಬಳಿಕ ವಿಮಾನದಿಂದ ತೆಗೆದ ಛಾಯಾಚಿತ್ರಗಳ ಮೂಲಕ ಅನೇಕ ಬೆಟ್ಟಗಳ ಎತ್ತರವನ್ನು ನಿರ್ಣಯಿಸಿದರು. ಆ ಅಂಕಗಳಲ್ಲಿ ಕೆಲವು ಮೀಟರುಗಳ ಹೆಚ್ಚುಕಡಮೆ ಇರುವುದು ಸಹಜ. ನಕ್ಷೆಯಲ್ಲಿ ಅಚ್ಚಾದ ಮೇಲೆ ಮಾತ್ರ ಅವು ವೇದವಾಕ್ಯಗಳಾಗಿಬಿಟ್ಟವು.

ಹೀಗಿರಲು 2008ರಲ್ಲಿ ಮೂವರು ಹವ್ಯಾಸಿ ಅಳತೆಗಾರರು ಉತ್ತರ ವೇಲ್ಸಿನ ಮನಿದ್ ಗ್ರೈಗ್ ಗೋಖ್ ಎಂಬ ಬೆಟ್ಟವನ್ನೇರಿ, ಕೃತಕೋಪಗ್ರಹಗಳ ಸಂಕೇತವನ್ನು ಗ್ರಹಿಸುವ ಉಪಕರಣವನ್ನು ತುದಿಯಲ್ಲಿ ಸ್ಥಾಪಿಸಿದರು. ನಕ್ಷೆಯಲ್ಲಿ ಅದರ ಎತ್ತರ 609 ಮೀಟರು. ಅಳತೆಯಲ್ಲಿ ಬಂದುದು 609.75. ಗೇಣಿಗಿಂತಲೂ ಕಡಮೆಯಾದ ಅಂತರದಿಂದ ಗುಡ್ಡವು ಪರ್ವತವಾಯಿತು. 2010ರಲ್ಲಿ ಗ್ಲಿಡರ್ ವೌರ್ ಶಿಖರವು 999 ಮೀಟರಿನಿಂದ 1000.8ಕ್ಕೆ ಏರಿ, ಸಾವಿರ ಮೀಟರುಗಳ ಪಂಕ್ತಿಯಲ್ಲಿ ಕುಳಿತಿತು. ಕಲ್ಲು ಕದಲಲಿಲ್ಲ, ಅಂಕವು ಕದಲಿತು. ಇಲ್ಲಿ ಒಂದು ವಿನೋದವುಂಟು. ವೇಲ್ಸ್ ಭಾಷೆಯಲ್ಲಿ ‘ಮನಿದ್’ ಎಂದರೇ ಪರ್ವತ. ಆ ಬೆಟ್ಟದ ಹೆಸರಿಗೆ ಕೆಂಪು ಬಂಡೆಯ ಪರ್ವತವೆಂದರ್ಥ. ಕುರಿ ಕಾಯುವವರು ಅಡಿಗಳನ್ನು ಕೇಳದೆಯೇ ಕೊಟ್ಟಿದ್ದ ಪದವಿಯನ್ನು ಪಟ್ಟಿಯವರು 2008ರಲ್ಲಿ ಕೊಟ್ಟರು.

ಆದರೆ ಒಂದೊಂದು ಬೆಟ್ಟಕ್ಕೂ ಉಪಕರಣವನ್ನು ಹೊತ್ತು ನಡೆಯುವುದು ಆಯುಷ್ಯವೆಲ್ಲ ಹಿಡಿಯುವ ಕೆಲಸ. ಈ ಶ್ರಮವನ್ನು ತಗ್ಗಿಸಿದುದು ಲೇಸರ್ ಮಾಪನ. ಹಾರುವ ವಿಮಾನದಿಂದ ಬೆಳಕಿನ ಮಿಡಿತಗಳನ್ನು ನೆಲಕ್ಕೆ ಬಿಡುತ್ತಾರೆ. ನೆಲವನ್ನು ಮುಟ್ಟಿ ಮರಳಲು ಬೆಳಕಿಗೆ ಹಿಡಿದ ಕಾಲದಿಂದ ದೂರವನ್ನು ತಿಳಿಯುತ್ತಾರೆ. ಮರದ ತುದಿಗೆ ತಗುಲಿ ಮೊದಲು ಬಂದುದನ್ನೂ ನೆಲವನ್ನು ಮುಟ್ಟಿ ಕಡೆಗೆ ಬಂದುದನ್ನೂ ಗಣಕಯಂತ್ರವು ಬೇರ್ಪಡಿಸಿ, ಒಂದೆರಡು ಮೀಟರಿಗೊಂದರಂತೆ ನೆಲದ ಎತ್ತರವನ್ನು ಬರೆದಿಡುತ್ತದೆ. ಮೊದಲಿಗೆ ಇದನ್ನು ನಡೆಸಿದುದು ಬೆಟ್ಟಗಳಿಗಾಗಿ ಅಲ್ಲ, ನದೀತೀರ ಮತ್ತು ಕಡಲಕರೆಗಳಲ್ಲಿ ಪ್ರವಾಹದ ಭಯವನ್ನರಿಯುವುದಕ್ಕಾಗಿ. ಮುಂದೆ ಎತ್ತರದ ಪ್ರದೇಶಗಳೂ ಸೇರಿದವು. ದತ್ತಾಂಶವು ಸರ್ವರಿಗೂ ಧರ್ಮಾರ್ಥವಾಗಿ ದೊರೆಯಿತು.

ಇದರ ನಿಜವಾದ ಉಪಕಾರವು ಶಿಖರಕ್ಕಿಂತ ತಗ್ಗಿನಲ್ಲಿ ಕಾಣುವುದು. ಒಂದು ಬೆಟ್ಟವು ಸ್ವತಂತ್ರವೋ ಅಥವಾ ನೆರೆಯ ಹಿರಿಯ ಬೆಟ್ಟದ ಹೆಗಲೋ ಎಂಬುದನ್ನು ನಿರ್ಣಯಿಸಲು, ಅವೆರಡರ ನಡುವಣ ತಗ್ಗಿನಿಂದ ಅದು ಎಷ್ಟು ಎದ್ದಿದೆ ಎಂದು ನೋಡಬೇಕು. ಹ್ಯೂವಿಟ್ ಎಂಬ ಪಟ್ಟಿಗೆ 30 ಮೀಟರು ಏರಿಕೆ ಬೇಕು, ನಟ್ಟಲ್ ಎಂಬುದಕ್ಕೆ 15 ಸಾಕು. (ಎತ್ತರವನ್ನು ಅಡಿಗಳಲ್ಲಿಯೂ ಏರಿಕೆಯನ್ನು ಮೀಟರುಗಳಲ್ಲಿಯೂ ಹೇಳುವ ಈ ಸಂಕರವನ್ನು ಯಾವ ಗಣಿತಜ್ಞನೂ ಮೆಚ್ಚಲಾರನು.) ತುದಿಯನ್ನು ಕಣ್ಣೇ ತೋರಿಸುವುದು. ತಗ್ಗಾದರೋ ವಿಶಾಲವಾದ ಜವುಗು. ಅಲ್ಲಿ ನಿಂತವನಿಗೆ ನೀರು ಎತ್ತ ಹರಿಯುವುದೆಂದೇ ತಿಳಿಯದು. ಮೇಲಿನಿಂದ ಬಿದ್ದ ಬೆಳಕು ಅದನ್ನು ಕ್ಷಣದಲ್ಲಿ ತಿಳಿಸುವುದು. ಅಂಥ ತಗ್ಗಿನ ದೆಸೆಯಿಂದಲೇ 2018ರಲ್ಲಿ ದಕ್ಷಿಣ ವೇಲ್ಸಿನ ವಾನ್ ಅ ಬಿಗ್ ಶಿಖರಕ್ಕೆ ಹಾನಿಯಾಯಿತು. ಹೊಸ ಅಳತೆಯಲ್ಲಿ ಅದರ ಏರಿಕೆಯು 30 ಮೀಟರಿಗೆ ಸುಮಾರು ಒಂದೂವರೆ ಮೀಟರು ಕಡಮೆಯಾಗಿ, ಎತ್ತರವು 700 ಮೀಟರನ್ನು ಮೀರಿದ್ದರೂ ಹ್ಯೂವಿಟ್ ಪಟ್ಟಿಯಿಂದ ಹೊರಬಿದ್ದಿತು. ಆ ಪಟ್ಟಿಯನ್ನು ಪೂರೈಸಲೆಂದು ಮಳೆಯಲ್ಲಿ ಅದನ್ನು ಹತ್ತಿದವರ ಕಾಲ್ನೋವು ವ್ಯರ್ಥವಾಯಿತೆಂದು ಹೇಳುವುದು ಅನ್ಯಾಯ.

ಬೆಳಕಿಗೂ ತಿಳಿಯದ ಸಂಗತಿಗಳುಂಟು. ಮೀಟರಿಗಿಂತ ಕಿರಿದಾದ ಬಂಡೆಯ ಮೊನೆಯು ಎರಡು ಬಿಂದುಗಳ ನಡುವೆ ತಪ್ಪಿಹೋಗಬಹುದು. ಆದುದರಿಂದ ಸಂದೇಹವುಳ್ಳ ಬೆಟ್ಟಗಳನ್ನು ದತ್ತಾಂಶದಿಂದ ಆರಿಸಿ, ಕಡೆಗೆ ಮನುಷ್ಯನೇ ಉಪಕರಣದೊಡನೆ ಹತ್ತುವನು. ಕಾರ್ಡಿಫ್ ನಗರದ ಸಮೀಪದಲ್ಲಿ ಗಾರ್ತ್ ಎಂಬ 307 ಮೀಟರಿನ ಬೆಟ್ಟವಿದೆ. ಅದನ್ನೂ ಜನರು ಮನಿದ್ ಎಂದೇ ಕರೆಯುವರು. ಅದರ ಬುಡದ ಹಳ್ಳಿಯವನೊಬ್ಬನು 1995ರಲ್ಲಿ ಒಂದು ಚಲಚ್ಚಿತ್ರವನ್ನು ತೆಗೆದನು. 1917ರಲ್ಲಿ ಇಂಗ್ಲಿಷ್ ಅಳತೆಗಾರರು ಊರಿನ ಬೆಟ್ಟವು 1000 ಅಡಿಗೆ ಕಡಮೆಯೆನ್ನಲು, ಊರವರು ಮಣ್ಣು ಹೊತ್ತು ತುದಿಯಲ್ಲಿ ಸುರಿದು ಅದನ್ನು ಪರ್ವತ ಮಾಡುವುದು ಅದರ ಕಥೆ. ಕಥೆಯೇನೋ ಕಲ್ಪಿತ. ಆದರೆ ನಿಜವಾದ ಗಾರ್ತಿನ ನೆತ್ತಿಯಲ್ಲಿ ಮಣ್ಣಿನ ದಿಬ್ಬವೊಂದಿದೆ. ಸಾವಿರಾರು ವರ್ಷಗಳ ಹಿಂದೆ, ಕಂಚಿನ ಯುಗದಲ್ಲಿ, ಸತ್ತವರಿಗಾಗಿ ಜನರು ಕೈಯಾರೆ ಹೊತ್ತು ಕಟ್ಟಿದ್ದು. ಹುಲ್ಲು ಬೆಳೆದ ಆ ಸಮಾಧಿಯನ್ನು ಬೆಳಕು ನೆಲವೆಂದೇ ಬರೆದುಕೊಳ್ಳುವುದು.