ಡೆಂಕಾಲಿಯ ವೀರನೂ ವಾಲ್ತೇರಿನ ಕನ್ನಡವೂ

ಕಳೆದ ತಿಂಗಳು ಬಂಧುಗಳ ಮನೆಯ ಮದುವೆಗೆಂದು ವಿಜಯವಾಡಕ್ಕೆ ಹೋಗಿದ್ದಾಗ ನಾವು ಮಾಡಿದ ಒಂದು ಸಣ್ಣ ಖರೀದಿಯ ವಿಷಯವನ್ನು ವಾಚಕರ ಮುಂದಿಡಬೇಕೆನಿಸಿದೆ. ಊಟ ಮುಗಿದ ಮೇಲೆ ಹೊತ್ತು ಹೋಗದೆ, ಏಲೂರು ರಸ್ತೆಯ ಲೆನಿನ್ ಸೆಂಟರಿನ ಹಳೆಯ ಪುಸ್ತಕದ ಅಂಗಡಿಗಳ ಕಡೆ ಕಾಲು ಹಾಕಿದೆವು. ಇಂಜಿನಿಯರಿಂಗ್ ಪರೀಕ್ಷೆಯ ಗೈಡುಗಳ ರಾಶಿಯ ಅಡಿಯಲ್ಲಿ ಏಳು ಇಂದ್ರಜಾಲ ಕಾಮಿಕ್ಸ್ ಸಿಕ್ಕವು. ನಾಲ್ಕು ಇಂಗ್ಲಿಷಿನವು, ಮೂರು ಕನ್ನಡದವು. ಕನ್ನಡದ ಮೂರನ್ನು ಎತ್ತಿ ತೋರಿಸಿ ಬೆಲೆ ಕೇಳಿದರೆ ಅಂಗಡಿಯಾತ, "ಇದಿ ಪಾತ ತೆಲುಗು ಅಂಡಿ, ತೀಸ್ಕೋಂಡಿ" ಎಂದ. ಹಳೆಯ ತೆಲುಗೇ ಇರಲಿ ಎಂದು ನಾವು ವಾದಕ್ಕೆ ಹೋಗದೆ ಏಳಕ್ಕೂ ಸೇರಿ ಇನ್ನೂರು ರೂಪಾಯಿ ಕೊಟ್ಟೆವು. ನಮ್ಮ ಮನೆಯವರು ಮಾತ್ರ, "ಈ ವಯಸ್ಸಿನಲ್ಲಿ ಮುಖವಾಡದವನ ಕಥೆಯೇ?" ಎಂದರು.

ಮುಖವಾಡದವನೆಂದರೆ ಫ್ಯಾಂಟಮ್. ಲೀ ಫಾಕ್ ಎಂಬ ಅಮೆರಿಕದ ಲೇಖಕರು 1936ರ ಫೆಬ್ರವರಿ 17ರಂದು ಈತನನ್ನು ಪತ್ರಿಕೆಗಳಲ್ಲಿ ಇಳಿಸಿದರು. ಮೊದಲ ಚಿತ್ರಗಳು ರೇ ಮೂರ್ ಅವರವು. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ. ಮೈಗಂಟಿದ ಉಡುಪು, ಕಣ್ಣಿಗೆ ಮುಖವಾಡ ಎಂಬ ವೇಷ ಇವರಿಬ್ಬರಿಗಿಂತ ಮೊದಲೇ ಫ್ಯಾಂಟಮನಿಗೆ ಇತ್ತು. ಆದರೆ ಆತ ಹಾರಲಾರ. ಗುಂಡು ತಾಗಿದರೆ ರಕ್ತ ಬರುತ್ತದೆ, ಮುಪ್ಪೂ ಬರುತ್ತದೆ. ತಂದೆ ಸತ್ತರೆ ಮಗ ಅದೇ ಉಡುಪು ತೊಟ್ಟು ಬರುವುದರಿಂದ ಕಾಡಿನ ಜನ ಅವನಿಗೆ ಸಾವಿಲ್ಲವೆಂದು ನಂಬುತ್ತಾರೆ. ಹೀಗೆ ಇಪ್ಪತ್ತೊಂದು ತಲೆಮಾರು. ವಂಶಾವಳಿಯ ಕಥೆಗಳಲ್ಲಿ ಬೆಳೆದ ನಮ್ಮ ದೇಶದ ಹುಡುಗರಿಗೆ ಬೇರೆ ಗ್ರಹದಿಂದ ಬಿದ್ದವನಿಗಿಂತ ಈತ ಹತ್ತಿರದವನಾದದ್ದರಲ್ಲಿ ಆಶ್ಚರ್ಯವಿಲ್ಲ.

ಇಂಗ್ಲಿಷ್ ಬಲ್ಲವರು ಅವನನ್ನು 1940ರ ದಶಕದಲ್ಲೇ ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ಕಂಡಿದ್ದರು. ಮನೆಮನೆಗೆ ಬಂದದ್ದು 1964ರ ಮಾರ್ಚಿನಲ್ಲಿ, ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ಆರಂಭಿಸಿದಾಗ. ಮುಂದೆ ಅದು ಕನ್ನಡದಲ್ಲೂ ಬಂತು. ಹಿಂದಿಯಲ್ಲಿ ಈತ ವೇತಾಳನಾದ, ಬಂಗಾಳಿಯಲ್ಲಿ ಅರಣ್ಯದೇವನಾದ. ಕನ್ನಡದಲ್ಲಿ ಫ್ಯಾಂಟಮನಾಗಿಯೇ ಉಳಿದ. ಸುಧಾ ವಾರಪತ್ರಿಕೆಯ ಓದುಗರಿಗೂ ಅದೇ ಹೆಸರಿನಿಂದಲೇ ಪರಿಚಿತ.

ಮೊದಲ ಸಂಚಿಕೆಯಲ್ಲೇ ಸಂಪಾದಕರಿಗೆ ಒಂದು ತೊಡಕು ಎದುರಾಯಿತು. ಲೀ ಫಾಕ್ ತಮ್ಮ ವೀರನ ನಾಡಿಗೆ ಬಂಗಾಳವನ್ನು ನೆನಪಿಸುವ ಹೆಸರಿಟ್ಟಿದ್ದರು. ಆರಂಭದ ಕಥೆಗಳಲ್ಲಿ ಅದು ಏಷ್ಯದಲ್ಲೇ ಇದ್ದು, ಆಮೇಲೆ ಮೆಲ್ಲನೆ ಆಫ್ರಿಕದತ್ತ ಸರಿಯಿತು. ಕಡಲುಗಳ್ಳರಿಗೆ 'ಸಿಂಗ್' ಎಂದು ಹೆಸರು. ಈಗಿನ ಫ್ಯಾಂಟಮನ ತಂದೆಯನ್ನು ಕೊಂದವನ ಹೆಸರಂತೂ 'ರಾಮ'! ಭಾರತದಲ್ಲಿ ಇದನ್ನು ಹೇಗೆ ಅಚ್ಚು ಹಾಕುವುದು? ನಾಡು 'ಡೆಂಕಾಲಿ'ಯಾಯಿತು, ಸಿಂಗರು 'ಸಿಂಗ'ರಾದರು, ರಾಮ 'ರಾಮಲು' ಆದ. ಮುಂಬಯಿಯಲ್ಲಿ ಕುಳಿತವರು ಯಾರ ಮನಸ್ಸೂ ನೋಯಬಾರದೆಂದೇ ಹೀಗೆ ಮಾಡಿರಬೇಕು. ಆದರೆ ಆಂಧ್ರದಲ್ಲಿ ಬೀದಿಗೊಬ್ಬ ರಾಮುಲು ಇರುತ್ತಾನೆಂಬುದು ಅವರಿಗೆ ಹೊಳೆಯಲಿಲ್ಲವೆಂದು ಕಾಣುತ್ತದೆ. ವಿಶಾಖಪಟ್ಟಣದಲ್ಲಿ ನಮ್ಮ ತರಗತಿಯಲ್ಲಿದ್ದ ಒಬ್ಬ ರಾಮುಲು ಇದರಿಂದ ಪಟ್ಟ ಪಾಡು ನಮಗೆ ನೆನಪಿದೆ. ಅವನನ್ನು ಕಾಡಿದವರಲ್ಲಿ ನಾವೂ ಇದ್ದೆವು.

ನಮ್ಮ ತಂದೆಯವರು ಬಂದರಿನ ಕಚೇರಿಯಲ್ಲಿದ್ದರು. ಶಾಲೆಯಲ್ಲಿ ತೆಲುಗು, ಮನೆಯಲ್ಲಿ ಕನ್ನಡದ ಮಾತು. ಓದಲು ಕನ್ನಡವೆಂಬುದು ಇರಲಿಲ್ಲ. ಬೇಸಿಗೆ ರಜೆಯಲ್ಲಿ ಊರಿಗೆ ಹೊರಟರೆ, ಆಗ ವಾಲ್ತೇರು ಎಂದೇ ಕರೆಯುತ್ತಿದ್ದ ನಿಲ್ದಾಣದಲ್ಲಿ ಹತ್ತಿ ವಿಜಯವಾಡದಲ್ಲಿ ಗಾಡಿ ಬದಲಿಸುತ್ತಿದ್ದೆವು. ಹಿಂದಿರುಗುವಾಗ ಸೋದರಮಾವ ಹಪ್ಪಳದ ಡಬ್ಬದ ಜೊತೆಗೆ ಐದಾರು ಕಾಮಿಕ್ಸ್ ಕಟ್ಟಿಕೊಡುತ್ತಿದ್ದರು. ವಿಜಯವಾಡದ ಪ್ಲಾಟ್‌ಫಾರಂ ಮೇಲೆ ಟ್ರಂಕಿನ ಮೇಲೆ ಕುಳಿತು ಅವನ್ನು ಬಿಚ್ಚುತ್ತಿದ್ದೆವು. ತೆಲುಗು ಬಲ್ಲವನಿಗೆ ಕನ್ನಡ ಅಕ್ಷರ ಮುಕ್ಕಾಲು ಪಾಲು ತಾನಾಗಿ ಬರುತ್ತದೆ. ಕ, ತ, ಶಗಳಂಥವು ತಡೆಯುತ್ತವೆ, ತಲಕಟ್ಟು ಬೇರೆ. ತಡೆದ ಕಡೆ ಚಿತ್ರ ನೋಡಿ ಊಹಿಸುವುದು, ಊಹೆ ಸರಿಯೇ ಎಂದು ಅಮ್ಮನನ್ನು ಕೇಳುವುದು. ಹೀಗೆ ನಮಗೆ ಕನ್ನಡ ಓದಲು ಕಲಿಸಿದವನು ಯಾವ ಮೇಷ್ಟ್ರೂ ಅಲ್ಲ, ಬುರುಡೆಯ ಗುಹೆಯಲ್ಲಿ ವಾಸಿಸುವ ಮುಖವಾಡದವನು.

ಇನ್ನೊಂದು ಮಾತು. ಮೊದಲನೆಯ ಫ್ಯಾಂಟಮನ ತಂದೆಯ ಹಡಗನ್ನು ಕಳ್ಳರು ಮುತ್ತಿದ್ದು 1536ರಲ್ಲಿ ಎಂದು ಕಥೆ. ನಮ್ಮ ಮನೆಯ ಮಹಡಿಯಿಂದ ಬಂಗಾಳ ಕೊಲ್ಲಿಯೂ ಡಾಲ್ಫಿನ್ಸ್ ನೋಸ್ ಗುಡ್ಡವೂ ಕಾಣುತ್ತಿದ್ದವು. ಬುರುಡೆಯ ಗುಹೆ ಆ ಗುಡ್ಡದ ಹಿಂದೆಯೇ ಇದೆಯೆಂದು ನಾವು ಬಹುಕಾಲ ನಂಬಿದ್ದೆವು. ಮೂಲದ ಹೆಸರು ಬಂಗಾಳಕ್ಕೆ ಸಮೀಪದ್ದೆಂದು ದೊಡ್ಡವರಾದ ಮೇಲೆ ತಿಳಿದಾಗ, ನಮ್ಮ ನಂಬಿಕೆ ಅಷ್ಟೇನೂ ದಡ್ಡತನದ್ದಲ್ಲವೆಂದು ಸಮಾಧಾನವಾಯಿತು.

ಚಿತ್ರಕಥೆಗಳ ವಿಷಯದಲ್ಲಿ ಕನ್ನಡಕ್ಕೂ ತೆಲುಗಿಗೂ ಕೊಡುಕೊಳ್ಳುವಿಕೆ ಹಳೆಯದು. 1947ರ ಜುಲೈನಲ್ಲಿ ತೆಲುಗು, ತಮಿಳುಗಳಲ್ಲಿ ಮದರಾಸಿನಿಂದ ಹೊರಟ ಚಂದಮಾಮ 1949ರಲ್ಲಿ ಕನ್ನಡಕ್ಕೆ ಬಂತು. ನಾಗಿರೆಡ್ಡಿಯವರ ಜೊತೆ ಅದನ್ನು ಕಟ್ಟಿದ ಚಕ್ರಪಾಣಿಯವರೂ, ಬಹುಕಾಲ ಅದರ ಬರವಣಿಗೆ ನೋಡಿಕೊಂಡ ಕೊಡವಟಿಗಂಟಿ ಕುಟುಂಬರಾಯರೂ ವಿಜಯವಾಡದ ಪಕ್ಕದ ತೆನಾಲಿಯವರು. ಕನ್ನಡದ ಮಕ್ಕಳು ಓದಿದ ಬೇತಾಳ ಕೃಷ್ಣಾ ತೀರದಿಂದಲೇ ಬಂದನೆಂದರೂ ಸಲ್ಲುತ್ತದೆ. ಅತ್ತ ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು, ಸಿಂಡ್ರೆಲಾ ಮುಂತಾದ ಪರದೇಶದ ಕಥೆಗಳು, ಬೆಂಗಳೂರಿನಿಂದ ಕನ್ನಡದಲ್ಲೇ ಬಂದವು. ಕೃಷ್ಣನ ಕಥೆಗೆ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಅದಕ್ಕೇ. ಆ ಮಾಲೆಯನ್ನು ಬೆಳೆಸಿದ ಕಾರ್ಕಳದ ಅನಂತ ಪೈಗಳು ಅದಕ್ಕೆ ಮೊದಲು ಕೆಲಸ ಕಲಿತದ್ದು ಇಂದ್ರಜಾಲದಲ್ಲಿ. ಪುರಾಣದ ಚಿತ್ರಕಥೆಗೆ ದಾರಿ ತೋರಿದವನೂ ಒಂದರ್ಥದಲ್ಲಿ ಫ್ಯಾಂಟಮನೇ.

ಆಂಧ್ರದವರಿಗೆ ಮಾತ್ರ ಹಾರುವ ವೀರನೇ ಬೇಕಾಯಿತು. 1980ರಲ್ಲಿ ಎನ್. ಟಿ. ರಾಮರಾಯರು 'ಸೂಪರ್‌ಮ್ಯಾನ್' ಎಂಬ ಚಿತ್ರದಲ್ಲಿ ನಟಿಸಿದರು. ಅವರ ಶಕ್ತಿ ಕ್ರಿಪ್ಟಾನ್ ಗ್ರಹದಿಂದ ಬಂದುದಲ್ಲ, ಆಂಜನೇಯನ ವರ. ವಿಜಯವಾಡದ ಟಾಕೀಸಿನಲ್ಲಿ ನಾವು ಅದನ್ನು ನೋಡಿದಾಗ ಪಕ್ಕದವರು ಕೈಮುಗಿದು ಕುಳಿತಿದ್ದರು. ನಮಗೆ ಆಗ ನಗು ಬಂದಿತ್ತು. ಈಗ ನೋಡಿದರೆ, ಹಾರುವುದಕ್ಕೆ ಅದಕ್ಕಿಂತ ಒಪ್ಪುವ ಕಾರಣ ನಮ್ಮ ಕಡೆ ಬೇರೆ ಸಿಗಲಾರದು.

ಇನ್ನು ಕೊಂಡ ಏಳು ಪುಸ್ತಕಗಳು. ಎರಡು ಮಾಂಡ್ರೇಕನವು, ಕೈಯಾಡಿಸಿದರೆ ಕೋವಿ ಹಾವಾಗುವ ಆ ವಿದ್ಯೆ ಈಗ ಸಪ್ಪೆ. ಒಂದು ಬಹಾದೂರನದು. ಆಬಿದ್ ಸೂರ್ತಿಯವರು 1976ರಲ್ಲಿ ಸೃಷ್ಟಿಸಿದ, ಡಕಾಯಿತನ ಮಗನಾಗಿ ಡಕಾಯಿತರ ವಿರುದ್ಧ ನಿಲ್ಲುವ, ಕೇಸರಿ ಕುರ್ತಾದ ಈ ನಮ್ಮವನನ್ನು ಚಿಕ್ಕಂದಿನಲ್ಲಿ ನಾವು ಕಡೆಗಣಿಸಿದ್ದು ತಪ್ಪು, ಕಥೆಯಲ್ಲಿ ಹುರುಳಿದೆ. ಉಳಿದ ನಾಲ್ಕೂ ಫ್ಯಾಂಟಮನವು, ಕನ್ನಡದ ಮೂರೂ ಸೇರಿ. ಬಣ್ಣ ಮಾಸಿದರೂ ಓಟ ಮಾಸಿಲ್ಲ. ಆದರೆ ಬಿಳಿಯನೊಬ್ಬ ಸಿಂಹಾಸನದ ಮೇಲೆ ಕುಳಿತು ಕಾಡಿನ ಕರಿಯ ಜನಕ್ಕೆ ನ್ಯಾಯ ಹೇಳುವ ಚಿತ್ರ ಈಗ ಕಣ್ಣಿಗೆ ಚುಚ್ಚುತ್ತದೆ. ಹತ್ತು ವರ್ಷದ ಹುಡುಗನಿಗೆ ಅದು ಕಾಣಲಿಲ್ಲ, ಕಾಣಬಾರದೆಂದೇ ಬರೆದಂತಿದೆ. ಭಾಷೆ ಮಾತ್ರ ನಾವು ನೆನೆದದ್ದಕ್ಕಿಂತ ಗ್ರಾಂಥಿಕ. ಕಡಲುಗಳ್ಳನೂ ಪಂಡಿತನಂತೆ ಮಾತಾಡುತ್ತಾನೆ. ನಮ್ಮ ಮಾತಿಗೆ ಹಳೆಯ ವಾಸನೆಯಿದೆಯೆಂದು ಬೆಂಗಳೂರಿನ ನೆಂಟರು ಆಡಿಕೊಳ್ಳುವುದಕ್ಕೆ ಕಾರಣ ಇಲ್ಲಿ ಸಿಕ್ಕಿತು.

ಇಂದ್ರಜಾಲ 1990ರಲ್ಲಿ ನಿಂತಿತು.

ಕನ್ನಡದ ಪುಸ್ತಕವೊಂದರ ಒಳರಕ್ಷಾಪುಟದಲ್ಲಿ ಯಾವುದೋ ಮಗು ಪೆನ್ಸಿಲಿನಲ್ಲಿ ತನ್ನ ಹೆಸರು, 'ಐದನೇ ತರಗತಿ, ವಾಲ್ತೇರು' ಎಂದು ಬರೆದಿದೆ. ಅಕ್ಷರಗಳು ಕನ್ನಡದವು, ತಲಕಟ್ಟುಗಳು ತೆಲುಗಿನವು. ನಾವೂ ಹಾಗೆಯೇ ಬರೆಯುತ್ತಿದ್ದೆವು. ಮನೆಗೆ ಬಂದು ಪುಸ್ತಕವನ್ನು ಮೊಮ್ಮಗನಿಗೆ ಕೊಟ್ಟೆವು. ಇಂಗ್ಲಿಷ್ ಕಾಮಿಕ್ಸ್ ಸಾಕಷ್ಟು ಓದಿರುವ ಹುಡುಗ; ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಚಿತ್ರಗಳನ್ನೆಲ್ಲ ತಿರುವಿಹಾಕಿ, ಕಡೆಗೆ ಒಂದು ಮಾತಿನ ಗುಳ್ಳೆಯ ಮೇಲೆ ಬೆರಳಿಟ್ಟು, "ತಾತ, ಈ ಕಳ್ಳ ಏನಂತಾನೆ?" ಎಂದು ಕೇಳಿದ. ಮೊದಲ ಅಕ್ಷರವನ್ನಷ್ಟೇ ಹೇಳಿಕೊಟ್ಟು ನಾವು ಸುಮ್ಮನೆ ಕುಳಿತೆವು.